ಮುಷ್ಟಿಗೆ ಅಂಟಿದ ಕಾಳು

ರೈತರೊಬ್ಬರು ತಂದಿದ್ದು ಎರಡೇ ಚೀಲ ತೊಗರಿ. ಕಳೆದ ವರ್ಷದ ಜನವರಿ, ಸುಗ್ಗಿಯ ಭರ, ಕಲಬುರಗಿಯ ಗಂಜಿನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ಕಾಲಿಡಲು ಜಾಗವಿರಲಿಲ್ಲ. ಟ್ರ್ಯಾಕ್ಟರುಗಳಲ್ಲಿ ಬಂದಿಳಿದ ರಾಶಿಗಳ ನಡುವೆ ತಮ್ಮ ಎರಡು ಚೀಲಗಳನ್ನು ಒಂದಕ್ಕೊಂದು ಒರಗಿಸಿ, ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಮಧ್ಯಾಹ್ನದವರೆಗೆ ಕಾದರು. ಖರೀದಿದಾರರು ಹತ್ತಿರ ಬಂದಾಗಲೆಲ್ಲ ಚೀಲದ ಬಾಯಿ ಬಿಚ್ಚಿ ಒಂದು ಮುಷ್ಟಿ ಕಾಳು ಎತ್ತಿ ಅಂಗೈಯಲ್ಲಿ ಹರಡಿ ತೋರಿಸುತ್ತಿದ್ದರು. ಕೊನೆಗೆ ಧಾರಣೆ ಆಯಿತು, ತೂಕವೂ ಆಯಿತು. ನಾನು ಚೀಟಿ ಬರೆದು ಕೊಟ್ಟೆ. ಹಮಾಲರು ಬಾಯಿ ಹೊಲಿಯಲು ದಬ್ಬಣಕ್ಕೆ ಸುತಳಿ ಪೋಣಿಸುತ್ತಿದ್ದರು. ರೈತರು ಎಡಗೈಯಲ್ಲಿ ಚೀಟಿ ಹಿಡಿದು ಅಂಕಿಗಳನ್ನು ಓದುತ್ತಿದ್ದರು. ಓದುತ್ತಲೇ ಬಲಗೈಯನ್ನು ಚೀಲದ ಮೇಲೆ ತಂದು ಮುಷ್ಟಿ ಬಿಚ್ಚಿದರು. ಬೆವರಿಗೆ ಅಂಗೈಗೆ ಅಂಟಿಕೊಂಡಿದ್ದ ನಾಲ್ಕೈದು ಕಾಳುಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಬಿಡಿಸಿ ಒಳಗೆ ಬೀಳಿಸಿದರು.

ತೂಕ ಮುಗಿದಿತ್ತು. ಆ ಚೀಲ ಆಗಲೇ ಅವರದಾಗಿರಲಿಲ್ಲ.

ಅವರು ಹೋದ ಮೇಲೆ, ಮುಂದಿನ ಗಾಡಿ ಬರುವುದರೊಳಗೆ, ಒಂದು ಹಾಳು ಚೀಟಿಯ ಹಿಂದೆ ಬರೆದುಕೊಂಡೆ:

ತೂಕ ಮುಗಿಯಿತು
ಮುಷ್ಟಿಗೆ ಅಂಟಿದ ಕಾಳು
ಮತ್ತೆ ಚೀಲಕ್ಕೆ

ಅದರ ಕೆಳಗೆ ನಾಲ್ಕನೆಯ ಸಾಲೊಂದಿತ್ತು: ‘ಎಂಥ ಪ್ರಾಮಾಣಿಕ ಜೀವ!’ ಅದನ್ನು ಆ ಸಂಜೆಯೇ ಹೊಡೆದು ಹಾಕಿದೆ. ಆ ಸಾಲನ್ನು ಹೊಡೆದದ್ದು ಎಷ್ಟು ಒಳ್ಳೆಯದಾಯಿತು ಎಂಬುದು ನನಗೆ ತಿಳಿಯಲು ಒಂದು ವರ್ಷ ಬೇಕಾಯಿತು. ಈ ಬರಹ ಮುಖ್ಯವಾಗಿ ಅದರ ಬಗ್ಗೆ.

ನಾನು ಗಂಜಿನ ಒಂದು ಅಡತಿ (ದಲ್ಲಾಳಿ) ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮುನೀಮನಾಗಿದ್ದೇನೆ. ದಿನದ ಜಮಾ–ಖರ್ಚನ್ನು ಕಿರ್ದಿಯಲ್ಲಿ ಬರೆಯುವುದು, ಅದನ್ನು ಖಾತೆಗೆ ಎತ್ತುವುದು, ಚೀಲ, ತೂಕ, ಬಾರದಾನ, ಹಮಾಲಿ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಈಗ ಹೆಚ್ಚಿನದು ಕಂಪ್ಯೂಟರಿಗೆ ಹೋಗಿದೆ. ಆದರೂ ನಮ್ಮ ಅಂಗಡಿಯಲ್ಲಿ ಕೈಬರಹದ ಕಿರ್ದಿ ನಿಂತಿಲ್ಲ, ಅದು ನಿಲ್ಲದಿರಲಿ ಎಂದೇ ನನ್ನ ಆಸೆ.

ಕವಿತೆ ನನ್ನ ಬದುಕಿಗೆ ಬಂದದ್ದು 2020ರ ಮಾರ್ಚ್‌ನಲ್ಲಿ. ದೇಶದ ಮೊದಲ ಕೊರೊನಾ ಸಾವು ನಮ್ಮ ಊರಿನಿಂದಲೇ ವರದಿಯಾದ ತಿಂಗಳು ಅದು. ಕಲಬುರಗಿಯ ಹೆಸರು ದಿನವಿಡೀ ಟಿವಿಯಲ್ಲಿ ಬರುತ್ತಿತ್ತು, ಓಣಿಯಲ್ಲಿ ಮಾತ್ರ ಒಂದು ಸದ್ದಿಲ್ಲ. ಅಂಗಡಿ ಮುಚ್ಚುವ ದಿನ ಬಾಕಿ ಲೆಕ್ಕ ತಾಳೆ ನೋಡಲೆಂದು ಕಿರ್ದಿಯನ್ನು ಮನೆಗೆ ತಂದಿದ್ದೆ. ತಾಳೆ ಎರಡೇ ದಿನದಲ್ಲಿ ಮುಗಿಯಿತು. ಮೂರನೆಯ ದಿನ ಬೆಳಿಗ್ಗೆ ಎದ್ದು ಅಭ್ಯಾಸದಂತೆ ತಾರೀಖು ಬರೆದೆ. ಅದರ ಕೆಳಗೆ ಬರೆಯಲು ಏನೂ ಇರಲಿಲ್ಲ. ಜಮಾ ಇಲ್ಲ, ಖರ್ಚಿಲ್ಲ. ವರ್ಷಗಟ್ಟಲೆ ಪ್ರತಿದಿನ ತಾರೀಖಿನ ಕೆಳಗೆ ಏನಾದರೊಂದು ಬರೆದ ಕೈಗೆ ಆ ಖಾಲಿ ಸಾಲುಗಳನ್ನು ನೋಡಿ ಭಯವೇ ಆಯಿತು. ದಿನಸಿ ತರಲು ಹೋದವನು ಗಂಜಿನ ಗೇಟಿನ ಮುಂದೆ ಹಾದು ಬಂದೆ. ಮನೆಗೆ ಬಂದು ಆ ಸಾಲುಗಳಲ್ಲಿ ಬರೆದೆ:

ಬೀಗ ಹಾಕಿದ ಗಂಜು
ಕಾಳು ಚೆಲ್ಲುವ ಹೊತ್ತಿಗೆ
ಬಂದಿಳಿದ ಪಾರಿವಾಳ

ಇದು ಕವಿತೆ ಎಂದು ನನಗೆ ಗೊತ್ತಿರಲಿಲ್ಲ. ಆ ದಿನ ನಡೆದದ್ದು ಇದೊಂದೇ, ಅದನ್ನೇ ನಮೂದಿಸಿದೆ. ಅಂದಿನಿಂದ ಇಂದಿನವರೆಗೆ ಬಿಟ್ಟ ದಿನಗಳು ಕಡಿಮೆ.

ಕಿರ್ದಿಯಿಂದ ನಾನು ಕಲಿತದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಿರ್ದಿಯಲ್ಲಿ ಯಾರು, ಏನು, ಎಷ್ಟು ಎಂಬುದಷ್ಟೇ ಇರುತ್ತದೆ. ‘ಪಾಪ, ಬಡ ರೈತನಿಗೆ ಕೊಟ್ಟ ಮುಂಗಡ’ ಎಂದು ಯಾವ ಮುನೀಮನೂ ಬರೆಯುವುದಿಲ್ಲ. ಬರೆದರೆ ಲೆಕ್ಕ ಕೆಡುತ್ತದೆ. ಆದರೆ ಹಳೆಯ ಕಿರ್ದಿಯನ್ನು ತೆರೆದು ನೋಡಿ: ಒಂದೇ ಹೆಸರಿನ ಮುಂದೆ ಜೂನ್‌ನಲ್ಲಿ ಮುಂಗಡ, ಆಗಸ್ಟ್‌ನಲ್ಲಿ ಮತ್ತೆ ಮುಂಗಡ, ಅಕ್ಟೋಬರ್‌ನಲ್ಲಿ ಮತ್ತೊಮ್ಮೆ, ಜನವರಿಯಲ್ಲಿ ಜಮಾ ಇಲ್ಲ. ತೊಗರಿಗೆ ನೆಟೆ ರೋಗ ತಗುಲಿ, ಹೂಬಿಟ್ಟು ನಿಂತ ಗಿಡ ನಿಂತಲ್ಲೇ ಒಣಗಿದ ವರ್ಷ ಅದು ಎಂದು ಆ ಪುಟವೇ ಹೇಳುತ್ತದೆ. ಒಂದು ವಿಶೇಷಣವಿಲ್ಲದೆ ಅಷ್ಟೂ ದುಃಖ ಅಲ್ಲಿದೆ. ನನ್ನ ಮೂರು ಸಾಲುಗಳಿಗೂ ಅದೇ ಕಟ್ಟುನಿಟ್ಟು ಬೇಕು ಎಂದು ನಿಧಾನವಾಗಿ ಅರ್ಥವಾಯಿತು.

ನಿಧಾನವಾಗಿ ಎಂದೆ, ಏಕೆಂದರೆ ನಡುವೆ ದಾರಿ ತಪ್ಪಿದ್ದೆ. ಅಂಗಡಿಗಳು ತೆರೆದು ಜನ ಸೇರತೊಡಗಿದ ಮೇಲೆ ಒಂದು ಕವಿಗೋಷ್ಠಿಯಲ್ಲಿ ಓದುವ ಅವಕಾಶ ಸಿಕ್ಕಿತು. ಅಲ್ಲಿಗೆಂದೇ ಬರೆದದ್ದು: ‘ಬದುಕೆಂಬ ಸಂತೆಯಲ್ಲಿ / ನಾವೆಲ್ಲ ಚೀಲಗಳು / ಹೊರುವವನು ಒಬ್ಬನೇ.’ ಚಪ್ಪಾಳೆ ಜೋರಾಗಿಯೇ ಬಿತ್ತು. ಮರುದಿನ ಅಂಗಡಿಯಲ್ಲಿ ನಮ್ಮ ಹಿರಿಯ ಹಮಾಲರಿಗೆ, ನಾವೆಲ್ಲ ಕಾಕಾ ಎಂದು ಕರೆಯುವವರಿಗೆ, ಅದನ್ನು ಹೇಳಿ ತೋರಿಸಿದೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬೆನ್ನ ಮೇಲೆ ಚೀಲ ಹೊತ್ತವರು. ಅವರು ಸ್ವಲ್ಪ ಹೊತ್ತು ಯೋಚಿಸಿ, “ಯಾವ ಚೀಲ ಎಂದು ಹೇಳಲಿಲ್ಲವಲ್ಲ ಮುನೀಮರೇ. ತೊಗರಿಯ ಚೀಲ ಬೆನ್ನಿಗೆ ಕೂರುವುದೇ ಬೇರೆ, ಹತ್ತಿಯದೇ ಬೇರೆ” ಎಂದರು. ಅವರ ಮಾತಿನಲ್ಲಿ ಕುಹಕವಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದರು. ಉತ್ತರ ನನ್ನಲ್ಲಿರಲಿಲ್ಲ. ಆ ಕವಿತೆ ಬರೆಯುವಾಗ ನಾನು ಯಾವ ಚೀಲವನ್ನೂ ನೋಡಿರಲಿಲ್ಲ.

ಅಂದು ನಾಲ್ಕು ಗಂಟೆಯ ಚಹಾದ ಹೊತ್ತಿನಲ್ಲಿ ಕಾಕಾನನ್ನೇ ನೋಡುತ್ತ ಕುಳಿತೆ. ಲಾರಿಗೆ ಕೊನೆಯ ಚೀಲ ಏರಿಸಿ ಬಂದರು. ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಕುತ್ತಿಗೆ ಒರೆಸಿಕೊಂಡರು. ಹುಡುಗ ಚಹಾ ತಂದುಕೊಟ್ಟ. ಅಷ್ಟು ಸಣ್ಣ ಗಾಜಿನ ಲೋಟ, ಎರಡು ಗುಟುಕಿನಷ್ಟು ಚಹಾ. ಅದನ್ನು ಅವರು ಹಿಡಿದ ರೀತಿ ನೋಡಿ ನನ್ನ ಪೆನ್ನು ತಾನಾಗಿ ಜೇಬಿನಿಂದ ಹೊರಬಂತು.

ಬೆನ್ನಿನ ಚೀಲ ಇಳಿಸಿ
ಚಹಾದ ಲೋಟವನ್ನು
ಎರಡೂ ಕೈಯಲ್ಲಿ

ಇದನ್ನು ಓದಿ ಹೇಳಿದಾಗ ಕಾಕಾ ತಲೆಯಾಡಿಸಿದರು. “ಹೌದು, ಒಂದೇ ಕೈಯಲ್ಲಿ ಹಿಡಿದರೆ ನಡುಗುತ್ತದೆ” ಎಂದರು. ನಾನು ಕಂಡದ್ದು ಒಂದು ಬಗೆಯ ಭಕ್ತಿಯನ್ನು, ಅವರು ಹೇಳಿದ್ದು ಕೈಯ ನಡುಕವನ್ನು. ಎರಡೂ ಆ ಮೂರು ಸಾಲಿನಲ್ಲಿ ಹಿಡಿಸಿದವು. ‘ಭಕ್ತಿಯಿಂದ’ ಎಂದು ಒಂದು ಮಾತು ಸೇರಿಸಿದ್ದರೆ ನಡುಕಕ್ಕೆ ಜಾಗವಿರುತ್ತಿರಲಿಲ್ಲ.

ನಮ್ಮ ಮನೆಯ ಹಿತ್ತಲಲ್ಲಿ, ಬೇವಿನ ಮರದ ಬುಡದಲ್ಲಿ, ಅವ್ವನ ಬೀಸುಕಲ್ಲಿದೆ. ಹಿಟ್ಟಿನ ಗಿರಣಿ ಬಂದ ಮೇಲೆ ಅದಕ್ಕೆ ಕೆಲಸವಿಲ್ಲ. ಆದರೆ ಅದನ್ನು ಯಾರಿಗೂ ಕೊಡಲು ಅವ್ವ ಬಿಟ್ಟಿಲ್ಲ. ಗೂಟ ಹಿಡಿದು ಹಿಡಿದು ನುಣುಪಾಗಿ, ಒಂದು ಕಡೆ ಸವೆದು ಬೆರಳುಗಳ ಅಳತೆಗೆ ಬಂದಿದೆ. ಅವ್ವನಿಗೆ ಈಗ ಎಂಬತ್ತರ ಹತ್ತಿರ. ಅಕ್ಷರ ಬರುವುದಿಲ್ಲ. ನಾನು ಮೂರು ಸಾಲು ಬರೆಯುತ್ತೇನೆಂದು ಮಗಳು ಅವರಿಗೆ ಹೇಳಿದ ದಿನ, “ಮೂರು ಸಾಲಿನದೇ? ಅದು ಬೀಸುವ ಪದವಲ್ಲವೇ?” ಎಂದು ಕೇಳಿದರು. ಆಮೇಲೆ ಹಾಸಿಗೆಯ ಮೇಲೆ ಕುಳಿತಲ್ಲಿಯೇ ಬಲಗೈಯನ್ನು ಗಾಳಿಯಲ್ಲಿ ತಿರುಗಿಸುತ್ತ ಒಂದು ಪದ ಹೇಳಿದರು. ಇದು ಯಾರ ಪದ ಎಂದರೆ, ಬೀಸುವಾಗ ಬಂದದ್ದು, ಯಾರದೂ ಅಲ್ಲ ಎಂದರು.

ಮುಂಗೋಳಿ ಕೂಗಿತು ಮೂಡಲ ಬೆಳಗಿತು
ಕಂಗಳ ನಿದ್ದೆ ಹರಿದಿಲ್ಲ, ಎಲೆ ಕಲ್ಲೆ,
ಹಿಂಗದ ಹಸಿವು ನಿನಗೇಕೆ

ನಾನು ಹತ್ತನೆಯ ತರಗತಿಯಲ್ಲಿ ಛಂದಸ್ಸು ಬಾಯಿಪಾಠ ಮಾಡಿದ್ದೆ. ಬೀಸುವ ಪದಗಳ ಛಂದಸ್ಸಾದ ತ್ರಿಪದಿಗೆ 11 ಗಣ, ಮೊದಲೆರಡು ಸಾಲಿಗೆ ನಾಲ್ಕು ನಾಲ್ಕು, ಕೊನೆಯದಕ್ಕೆ ಮೂರು, 6ನೆಯದೂ 10ನೆಯದೂ ಚಿಕ್ಕದಾದ ಬ್ರಹ್ಮಗಣ, ಉಳಿದವೆಲ್ಲ ಅದಕ್ಕಿಂತ ದೊಡ್ಡ ವಿಷ್ಣುಗಣ. ಅಂಕಗಳಿಗಾಗಿ ಕಲಿತದ್ದು, ಪರೀಕ್ಷೆಯ ಮರುದಿನವೇ ಮರೆತದ್ದು. ಅಂದು ರಾತ್ರಿ ಅವ್ವನ ಪದವನ್ನು ಕಾಗದದ ಮೇಲೆ ಗೆರೆ ಎಳೆದು ವಿಂಗಡಿಸಿದೆ. ಹನ್ನೊಂದು ಗಣ ಸರಿಯಾಗಿ ಬಂದವು. ಆರನೆಯ ಗಣ ‘ನಿದ್ದೆ’. ಹತ್ತನೆಯದು ‘ಹಸಿವು’. ಇಡೀ ಪದದಲ್ಲಿ ಮೊಟಕಾಗಬೇಕಾದ ಎರಡೇ ಎರಡು ಜಾಗಗಳಲ್ಲಿ ನಿದ್ದೆಯೂ ಹಸಿವೂ ಬಂದು ಕುಳಿತಿದ್ದವು. ಅವ್ವನ ಬದುಕಿನಲ್ಲಿ ಮೊಟಕಾದದ್ದೂ ಅವೇ ಎರಡು. ಹದಿನಾರನೆಯ ವಯಸ್ಸಿಗೆ ಮದುವೆಯಾಗಿ ಬಂದು, ಒಂಬತ್ತು ಜನರಿಗೆ ಸಾಲುವಷ್ಟು ಜೋಳವನ್ನು ನಸುಕಿನಲ್ಲಿ ಎದ್ದು ಬೀಸಿದವರು ಅವರು. ಹಾಳೆಯ ಮುಂದೆ ಕುಳಿತು ತುಂಬ ಹೊತ್ತು ಅತ್ತೆ.

ಲೆಕ್ಕ ಅವ್ವನಿಗೆ ಹೇಗೆ ತಿಳಿಯುತ್ತಿತ್ತು? ಕೇಳಿದೆ. ಕಲ್ಲು ಒಂದು ಸುತ್ತು ಬರುವಾಗ ಕೈ ತನ್ನ ಕಡೆಗೆ ಎಳೆಯುತ್ತದೆ, ಮುಂದಕ್ಕೆ ದೂಡುತ್ತದೆ. ಎಳೆಯುವಾಗ ಮಾತು ಬಿಗಿಯುತ್ತದೆ, ದೂಡುವಾಗ ಸಡಿಲುತ್ತದೆ. ನಡುವೆ ಎಡಗೈ ಒಂದು ಹಿಡಿ ಕಾಳು ಕಲ್ಲಿನ ಬಾಯಿಗೆ ಹಾಕಬೇಕು, ಆಗ ಎರಡನೆಯ ಸಾಲನ್ನು ಇನ್ನೊಮ್ಮೆ ಎತ್ತಿ ಹಾಡಿ ಮೂರನೆಯದಕ್ಕೆ ಹೋಗಬೇಕು. “ಕೈ ಎಲ್ಲಿ ತಿರುಗುತ್ತದೋ ಅಲ್ಲಿ ಮಾತು ಮುಗಿಯಬೇಕು ತಮ್ಮಾ. ಮುಗಿಯದಿದ್ದರೆ ಕಲ್ಲು ತಡೆಯುತ್ತದೆ” ಎಂದರು. ನನ್ನ ಮೂರು ಸಾಲುಗಳನ್ನು ಸರಿಪಡಿಸಲು ಇದಕ್ಕಿಂತ ಒಳ್ಳೆಯ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ. ಈಗಲೂ ಒಂದು ಸಾಲು ಎಲ್ಲಿ ಮುರಿಯಬೇಕೆಂದು ತಿಳಿಯದಿದ್ದರೆ ಮೇಜಿನ ಮೇಲೆ ಕೈ ತಿರುಗಿಸಿ ನೋಡುತ್ತೇನೆ.

ನಮ್ಮ ಊರಿನಿಂದ ಸೇಡಂ ರಸ್ತೆ ಹಿಡಿದರೆ ಗಂಟೆಯೊಳಗೆ ಮಳಖೇಡ ಬರುತ್ತದೆ. ಕಾಗಿಣಾ ನದಿಯ ದಂಡೆಯ ಆ ಊರು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. ಸುಮಾರು 850ರ ಹೊತ್ತಿಗೆ ನೃಪತುಂಗನ ಆಸ್ಥಾನದಲ್ಲಿದ್ದ ಶ್ರೀವಿಜಯನು ಕವಿರಾಜಮಾರ್ಗದಲ್ಲಿ ಈ ನಾಡಿನ ಜನರನ್ನು ‘ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್’ ಎಂದು ಬಣ್ಣಿಸಿದ. ವೇದಿಕೆಗಳ ಮೇಲೆ ನೂರು ಸಲ ಕೇಳಿದ ಮಾತು. ಓದದೆಯೂ ಕಾವ್ಯ ಕಟ್ಟಬಲ್ಲವರು ಎಂದರೆ ಯಾರೋ ಅಂದಿನ ಕಾಲದವರು ಎಂದುಕೊಂಡಿದ್ದೆ. ಅವರಲ್ಲೊಬ್ಬರು ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕಂಬಳಿ ಹೊದ್ದು ಕುಳಿತಿದ್ದಾರೆ ಎಂದು ನನಗೆ ನಾಲ್ವತ್ತು ದಾಟುವವರೆಗೆ ಹೊಳೆದಿರಲಿಲ್ಲ.

ಈ ನೆಲಕ್ಕೆ ಸಣ್ಣ ಕವಿತೆಯ ಕಿವಿ ಇದೆ ಎಂದು ನಾನು ನಂಬುತ್ತೇನೆ. ಇಂದಿನ ಯಾದಗಿರಿ ಜಿಲ್ಲೆಯ ಮುದನೂರಿನ ನೇಕಾರ ಜೇಡರ ದಾಸಿಮಯ್ಯನ ವಚನಗಳು ಎಷ್ಟು ಚಿಕ್ಕವು! ರಾತ್ರಿ ಗುಡಿಯ ಕಟ್ಟೆಯ ಮೇಲೆ ಏಕತಾರಿ ಹಿಡಿದು ಕುಳಿತವರು ಕಡಕೋಳ ಮಡಿವಾಳಪ್ಪನ ತತ್ವಪದದ ಪಲ್ಲವಿಯನ್ನೇ ಮತ್ತೆ ಮತ್ತೆ ಎತ್ತಿಕೊಂಡು ಬೆಳಗು ಮಾಡುತ್ತಾರೆ. ಗಂಜಿನ ಮೂಲೆಯ ಚಹಾದಂಗಡಿಯ ಚಾಚಾ ಉರ್ದುವಿನಲ್ಲಿ ಎರಡೇ ಸಾಲಿನ ಶೇರ್ ಹೇಳುತ್ತಾರೆ. ಮೊದಲ ಸಾಲನ್ನು ಹೇಳಿ ನಿಲ್ಲುತ್ತಾರೆ, ಕೇಳಿದವರು ಅದನ್ನು ತಿರುಗಿ ಹೇಳುತ್ತಾರೆ, ಅವರು ಇನ್ನೊಮ್ಮೆ ಹೇಳುತ್ತಾರೆ, ಆಮೇಲಷ್ಟೇ ಎರಡನೆಯದು. ಅವ್ವ ಕಾಳು ಹಾಕುತ್ತ ಎರಡನೆಯ ಸಾಲನ್ನು ಮತ್ತೆ ಎತ್ತುವುದಕ್ಕೂ ಚಾಚಾ ಮೊದಲ ಸಾಲಿನ ಮೇಲೆ ನಿಲ್ಲುವುದಕ್ಕೂ ನನಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಕಾಯಿಸುವುದೇ ಕವಿತೆಯ ಅರ್ಧ ಕೆಲಸ.

ಜಪಾನಿನ ಮೂರು ಸಾಲಿನ ಪುಟ್ಟ ಕವಿತೆಯಾದ ಹೈಕು ಓದಿದ್ದು ಆಮೇಲೆ. ಗ್ರಂಥಾಲಯದಲ್ಲಿ ಸಿಕ್ಕ ಒಂದು ಪುಸ್ತಕದಿಂದ ಜಪಾನಿನ ಮಾಸಾಒಕಾ ಶಿಕಿಯ (1867–1902) ಬದುಕು ತಿಳಿಯಿತು. ‘ಹೈಕು’ ಎಂಬ ಹೆಸರನ್ನು ಬಳಕೆಗೆ ತಂದವನು ಅವನೇ. ಬೆನ್ನುಮೂಳೆಯ ಕ್ಷಯದಿಂದ ಕೊನೆಯ ವರ್ಷಗಳನ್ನು ಹಾಸಿಗೆಯಲ್ಲೇ ಕಳೆದ. ಹೊರಳಲೂ ಆಗದ ನೋವಿನಲ್ಲಿ, ಮಲಗಿದಲ್ಲಿಂದ ಕಾಣುವ ಅಂಗಳವನ್ನು ನೋಡಿ ಬರೆದ. ಚಿತ್ರಕಾರ ಎದುರಿಗಿರುವುದನ್ನು ನೋಡಿ ಗೆರೆ ಎಳೆಯುವಂತೆ ಕವಿಯೂ ಕಂಡದ್ದನ್ನು ಬರೆಯಬೇಕು ಎಂಬುದು ಅವನ ನಿಲುವು. ಇದನ್ನು ಓದಿದಾಗ ಕಿರ್ದಿಯನ್ನು ಬಲ್ಲ ಇನ್ನೊಬ್ಬ ಸಿಕ್ಕಂತಾಯಿತು.

ಆದರೆ ಹೈಕುವಿನ ಮೂರು ಸಾಲಿಗೆ 5–7–5 ಎಂದು ಕನ್ನಡದಲ್ಲಿ ಅಕ್ಷರ ಎಣಿಸುವುದನ್ನು ನಾನು ಒಪ್ಪುವುದಿಲ್ಲ. ಜಪಾನಿಯರು ಎಣಿಸುವುದು ಉಚ್ಚಾರದ ಚಿಕ್ಕ ಮಿಡಿತಗಳನ್ನು. ‘ಟೋಕ್ಯೋ’ ಎಂಬುದು ನಮಗೆ ಎರಡು ಅಕ್ಷರ, ಅವರಿಗೆ ನಾಲ್ಕು ಮಿಡಿತ. ನಮ್ಮ ಮಾತ್ರೆ ಅದಕ್ಕೆ ಹೆಚ್ಚು ಹತ್ತಿರ. ನಮ್ಮ ಕಿವಿ ತ್ರಿಪದಿಯಲ್ಲಿ ಬೆಳೆದದ್ದು, ಅದನ್ನು ಬಿಟ್ಟು ಬೆರಳು ಮಡಚಿ ಹದಿನೇಳು ಅಕ್ಷರ ಎಣಿಸಿದರೆ ಸಾಲುಗಳು ಊನವಾದ ಗದ್ಯದಂತೆ ನಿಲ್ಲುತ್ತವೆ.

ಅವರಿಂದ ನಾನು ಖಂಡಿತವಾಗಿ ಪಡೆದದ್ದು ಋತುಪದ. ಹೈಕುವಿನಲ್ಲಿ ಕಾಲವನ್ನು ಸೂಚಿಸುವ ಒಂದು ಮಾತು ಇರಬೇಕೆಂಬುದು ಅವರ ಸಂಪ್ರದಾಯ. ಹಾಗಾದರೆ ಕಲಬುರಗಿಯ ಋತುಪದಗಳು ಯಾವುವು? ಒಂದು ಪಟ್ಟಿ ಮಾಡಹೊರಟು ತಿಂಗಳುಗಟ್ಟಲೆ ಅದರಲ್ಲೇ ಮುಳುಗಿದೆ. ಮಳೆಗಳ ಹೆಸರೇ ಸಾಕು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು–ಹದಿನಾಲ್ಕು ದಿನ ಇರುತ್ತಾನೆ, ಆ ದಿನಗಳ ಮಳೆಗೆ ಆ ನಕ್ಷತ್ರದ ಹೆಸರು. ರೋಹಿಣಿ, ಮಿರಗ (ಮೃಗಶಿರ), ಆರಿದ್ರೆ, ಮುಂದೆ ಹಸ್ತ, ಚಿತ್ತೆ, ಸ್ವಾತಿ. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’ ಎಂಬ ಗಾದೆಯಲ್ಲಿ ಋತುಪದವೂ ಇದೆ, ಪ್ರಾಸವೂ ಇದೆ, ಒಂದು ಇಡೀ ಓಣಿಯೂ ಇದೆ. ಮಿರಗ ಎಂದರೆ ಸಾಕು, ಜೂನ್ ಮೊದಲ ವಾರ ಕಳೆದಿದೆ, ಎರೆ ಹೊಲದ ಬಿರುಕುಗಳು ಮುಚ್ಚತೊಡಗಿವೆ, ಅಂಗಡಿಯಲ್ಲಿ ಬೀಜ–ಗೊಬ್ಬರದ ಮುಂಗಡಕ್ಕೆ ಜನ ಕುಳಿತಿದ್ದಾರೆ ಎಂದು ಯಾರೂ ವಿವರಿಸಬೇಕಿಲ್ಲ. ಎಳ್ಳ ಅಮಾವಾಸ್ಯೆ ಎಂದರೆ ಹೊಲದ ನಡುವಿನ ಊಟ, ಭಜ್ಜಿ, ಸಜ್ಜೆ ರೊಟ್ಟಿ, ಭೂತಾಯಿಗೆ ಚರಗ ಚೆಲ್ಲುವ ಕೂಗು. ತೊಗರಿಯ ಹಳದಿ ಹೂವಿಗೆ ಒಂದು ಕಾಲ, ಕಾಯಿ ಬಲಿತು ಗಿಡ ಗಲಗಲ ಎನ್ನುವುದಕ್ಕೆ ಇನ್ನೊಂದು. ಬೇಸಿಗೆಗೆ ನಾನು ಆರಿಸಿಕೊಂಡದ್ದು ರಂಜಣಿಗೆ. ಅಂಗಡಿಯ ಮುಂದೆ ದಾರಿಹೋಕರಿಗೆಂದು ಇಟ್ಟಿರುವ ದೊಡ್ಡ ಮಣ್ಣಿನ ಗಡಿಗೆ, ಅದಕ್ಕೆ ಸುತ್ತಿದ ಒದ್ದೆ ಗೋಣಿ. ಮೇ ತಿಂಗಳ ಬಿಸಿಲು ನಲವತ್ತೆರಡು ಡಿಗ್ರಿ ದಾಟಿದಾಗ, ರಸ್ತೆಯಲ್ಲಿ ನಾಯಿಯೂ ಇಲ್ಲದ ಹೊತ್ತಿನಲ್ಲಿ, ಅದನ್ನು ನೋಡುತ್ತ ಬರೆದದ್ದು:

ಮಧ್ಯಾಹ್ನ ಎರಡು ಗಂಟೆ
ರಂಜಣಿಗೆಯ ಒದ್ದೆ ಗೋಣಿಯ ಮೇಲೆ
ಒಂದೇ ಒಂದು ಜೇನು

ಇದು ನನಗೆ ಇಷ್ಟವಾದ ಪದ್ಯ. ಇದರಲ್ಲಿ ಏನು ಅರ್ಥವಿದೆ ಎಂದು ಕೇಳಿದವರಿದ್ದಾರೆ. ನನಗೆ ಗೊತ್ತಿಲ್ಲ. ಆ ಜೇನು ಎಲ್ಲಿಂದ ಬಂತು, ನೀರು ಹೊತ್ತು ಎಷ್ಟು ದೂರ ಹೋಗಬೇಕಿತ್ತು ಎಂದು ಆ ದಿನವಿಡೀ ಯೋಚಿಸಿದೆ. ಅಷ್ಟು ಸಾಕಾಯಿತು.

ದೊಡ್ಡ ಸಂಗತಿಗಳು ನನ್ನ ಕೈಗೆ ಸಿಗುವುದಿಲ್ಲ. ಒಮ್ಮೆ ಮಗಳನ್ನು ಕರೆದುಕೊಂಡು ಕೋಟೆಯೊಳಗಿನ ಜಾಮಿ ಮಸೀದಿಗೆ ಹೋಗಿದ್ದೆ. 1367ರಲ್ಲಿ ಕಟ್ಟಿದ್ದು. ಬೇರೆ ಮಸೀದಿಗಳಂತೆ ತೆರೆದ ಅಂಗಳವಿಲ್ಲ, ಉದ್ದಕ್ಕೂ ಗುಮ್ಮಟಗಳೇ ಚಾವಣಿ, ಕಮಾನಿನ ಹಿಂದೆ ಕಮಾನು ಸಾಲಾಗಿ ಸರಿದು ಹೋಗುತ್ತವೆ. ಅಲ್ಲಿ ಕುಳಿತು ಎಂಟು ಪದ್ಯ ಬರೆದೆ. ಬಹಮನಿ ಸುಲ್ತಾನರು, ಕಾಲ, ಕಲ್ಲು, ಮೌನ. ಎಂಟನ್ನೂ ಹರಿದೆ. ಹೊರಡುವಾಗ ಕಂಡದ್ದು ಉಳಿಯಿತು:

ಕಮಾನಿನ ನೆರಳು ಸರಿದು
ಬಿಸಿಲಿಗೆ ಬಿದ್ದ
ಮಗಳ ಚಪ್ಪಲಿ

ಅದೇ ಮಗಳು ಎರಡು ವರ್ಷದ ಹಿಂದೆ ಓದಲೆಂದು ಬೆಂಗಳೂರಿಗೆ ಹೋದಳು. ರಾತ್ರಿಯ ಬಸ್ಸು. ಅವ್ವ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿ ಕಳಿಸಿದ್ದರು. ಬಸ್ಸಿನಲ್ಲಿ ಕುಳಿತು ಕಿಟಕಿಯ ಗಾಜಿಗೆ ಹಣೆ ಒತ್ತಿ ನಮ್ಮನ್ನು ನೋಡುತ್ತಿದ್ದಳು. ಚಾಲಕ ಇಂಜಿನ್ ಚಾಲೂ ಮಾಡಿದಾಗ ಹಿಂದಕ್ಕೆ ಒರಗಿದಳು.

ಬಸ್ಸು ಹೊರಟಿತು
ಕಿಟಕಿಯ ಗಾಜಿನ ಮೇಲೆ
ಅವಳ ಹಣೆಯ ಎಣ್ಣೆ

ಅಂದು ನನಗೆ ಆದ ಸಂಕಟವನ್ನು ಬರೆಯಲು ಹೊರಟಿದ್ದರೆ ನೋಟ್‌ಬುಕ್ ತುಂಬುತ್ತಿತ್ತು, ಇಂದು ಅದನ್ನು ಓದಲು ನನಗೇ ಆಗುತ್ತಿರಲಿಲ್ಲ. ಆ ಎಣ್ಣೆಯ ಗುರುತನ್ನು ಮಾತ್ರ ಯಾವಾಗ ಬೇಕಾದರೂ ನೋಡಬಲ್ಲೆ. ಮಗಳಿಗೆ ಆ ಪದ್ಯವನ್ನು ಮೊಬೈಲಿನಲ್ಲಿ ಕಳಿಸಿದಾಗ ಅವಳು ಉತ್ತರ ಬರೆಯಲಿಲ್ಲ, ಅಜ್ಜಿಗೆ ಫೋನ್ ಮಾಡಿದಳು.

ತೊಗರಿಯನ್ನು ತಂದ ದಿನವೇ ಒಡೆದರೆ ನುಚ್ಚಾಗುತ್ತದೆ ಎಂದು ಬೇಳೆಯ ಕೆಲಸ ಬಲ್ಲವರೆಲ್ಲ ಹೇಳುತ್ತಾರೆ. ಕಾಳಿಗೆ ಎಣ್ಣೆ ಸವರಬೇಕು, ನೀರು ಕೊಡಬೇಕು, ಬಿಸಿಲಿಗೆ ಹರಡಿ ಬಿಡಬೇಕು. ಸಿಪ್ಪೆ ತಾನಾಗಿ ಸಡಿಲವಾದ ಮೇಲೆ ಒಡೆದರೆ ಎರಡು ಹೋಳು ಚೊಕ್ಕವಾಗಿ ಬಿಡುತ್ತವೆ. ನಮ್ಮ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿತು. ಅದಕ್ಕೆ ಈ ಎರೆಮಣ್ಣು ಕಾರಣ ಎನ್ನುತ್ತಾರೆ. ಈ ಕಾಯುವಿಕೆಯೂ ಕಾರಣ ಎಂದು ನಾನು ಸೇರಿಸುತ್ತೇನೆ. ಕಂಡದ್ದನ್ನು ಕಂಡ ದಿನವೇ ಒಡೆದು ಅರ್ಥ ತೆಗೆಯಲು ಹೊರಟಾಗಲೆಲ್ಲ ನನ್ನ ಕೈಗೆ ಬಂದದ್ದು ನುಚ್ಚು.

ಮುಷ್ಟಿಯ ಕಾಳಿನ ಪದ್ಯವನ್ನು ಅವ್ವನಿಗೆ ಓದಿ ಹೇಳಿದ್ದು ಕಳೆದ ದೀಪಾವಳಿಯಲ್ಲಿ. ಬರೆದು ಹತ್ತು ತಿಂಗಳಾಗಿತ್ತು. ನನ್ನ ಮನಸ್ಸಿನಲ್ಲಿ ಅದು ಇನ್ನೂ ಪ್ರಾಮಾಣಿಕತೆಯ ಪದ್ಯವೇ ಆಗಿತ್ತು. ಮಾರಿದ ಮೇಲೆ ಒಂದು ಕಾಳೂ ತನ್ನದಲ್ಲ ಎಂದು ತಿಳಿದ ಮನುಷ್ಯ. ಅವ್ವ ಕೇಳಿ, “ಮತ್ತೇನು ಮಾಡಬೇಕಿತ್ತು? ಕೆಳಗೆ ಬಿದ್ದರೆ ಕಾಲಡಿಗೆ ಬರುತ್ತದಲ್ಲ. ಕಾಳನ್ನು ತುಳಿಯಬಾರದು. ಯಾರ ಚೀಲವಾದರೇನು ತಮ್ಮಾ?” ಎಂದರು. ತನ್ನದು–ಪರರದು ಎಂಬ ಲೆಕ್ಕವೇ ಅವರ ಮಾತಿನಲ್ಲಿರಲಿಲ್ಲ.

ಒಲೆಯ ಮುಂದೆ ಕುಳಿತು ಹೋಳಿಗೆ ಬೇಯಿಸುತ್ತಿದ್ದ ನನ್ನ ಹೆಂಡತಿ ತಿರುಗಿ ನೋಡದೆ, “ಅವರಿಗೆ ಕೊಡಲು ಮನಸ್ಸಿರಲಿಲ್ಲ ಎನಿಸುತ್ತದೆ” ಎಂದಳು. ಹೇಗೆ ಎಂದೆ. “ಮಗಳನ್ನು ಕಳಿಸುವಾಗ ನಾನು ಏನು ಮಾಡಿದೆ? ಬ್ಯಾಗಿನ ಜಿಪ್ ಹಾಕಿಯಾಗಿತ್ತು. ಮತ್ತೆ ತೆಗೆದು ಶೇಂಗಾ ಹಿಂಡಿಯ ಡಬ್ಬಿ ಇಟ್ಟೆ. ಮತ್ತೆ ತೆಗೆದು ಒಂದು ಕರವಸ್ತ್ರ ಇಟ್ಟೆ. ಇಡುವುದು ಮುಗಿದರೆ ಹೋಗಿಬಿಡುತ್ತಾಳಲ್ಲ ಎಂದು.” ಹೋಳಿಗೆ ಹಂಚಿನ ಮೇಲೆ ಉಬ್ಬಿತು, ಅವಳು ಮಗುಚಿ ಹಾಕಿದಳು.

ಆರು ತಿಂಗಳ ಬೆಳೆ ಅದು. ಮಿರಗದ ಮಳೆಗೆ ಬಿತ್ತಿ, ಹೂವಿನ ಕಾಲಕ್ಕೆ ಮೋಡ ಕವಿಯದಿರಲಿ ಎಂದು ಬೇಡಿಕೊಂಡು, ಹುಳ ಬಿದ್ದಾಗ ಸಾಲ ಮಾಡಿ ಔಷಧ ಹೊಡೆದು, ಕೊಯ್ದು, ಬಡಿದು, ತೂರಿ ತಂದ ಎರಡು ಚೀಲ. ನಾನು ಅಂದು ಇದನ್ನೆಲ್ಲ ಯೋಚಿಸಿರಲಿಲ್ಲ. ಆದರೆ ಆ ಮೂರು ಸಾಲಿನಲ್ಲಿ ಅವ್ವನ ಮಾತಿಗೂ ಜಾಗವಿತ್ತು, ಹೆಂಡತಿಯ ಮಾತಿಗೂ ಜಾಗವಿತ್ತು. ನಾಲ್ಕನೆಯ ಸಾಲು ಇದ್ದಿದ್ದರೆ ಇಬ್ಬರೂ ಹೌದು ಎಂದು ತಲೆಯಾಡಿಸಿ ಸುಮ್ಮನಾಗುತ್ತಿದ್ದರು, ಈ ಮಾತುಗಳು ನಮ್ಮ ಮನೆಯಲ್ಲಿ ಹುಟ್ಟುತ್ತಲೇ ಇರಲಿಲ್ಲ.

ಈ ಜನವರಿಯಲ್ಲಿ ಆ ರೈತರು ಮತ್ತೆ ಬಂದರು. ಈ ಸಲ ಮೂರು ಚೀಲ. ಹಳೆಯ ಗುರುತು ಎಂಬಂತೆ ನನಗೆ ಕೈ ಮುಗಿದರು. ಧಾರಣೆ ಆಯಿತು, ತೂಕವಾಯಿತು, ಚೀಟಿ ಕೊಟ್ಟೆ. ನಾನು ಅವರ ಬಲಗೈಯನ್ನೇ ನೋಡುತ್ತಿದ್ದೆ. ಕಣ್ಣು ಚೀಟಿಯ ಅಂಕಿಗಳ ಮೇಲಿತ್ತು. ಕೈ ಚೀಲದ ಮೇಲೆ ಬಂತು, ಮುಷ್ಟಿ ಬಿಚ್ಚಿತು, ಹೆಬ್ಬೆರಳು ಕಾಳುಗಳನ್ನು ಬಿಡಿಸಿತು. ಅದೇ ರೀತಿ.

ನನಗೆ ತಡೆಯಲಾಗಲಿಲ್ಲ. “ಯಜಮಾನರೇ, ತೂಕ ಆದ ಮೇಲೂ ಕಾಳು ಚೀಲಕ್ಕೆ ಹಾಕುತ್ತೀರಲ್ಲ, ಯಾಕೆ?” ಎಂದು ಕೇಳಿದೆ.

ಅವರು ಚೀಟಿಯಿಂದ ಕಣ್ಣೆತ್ತಿದರು. “ನಾನೇ? ಹಾಗೆ ಮಾಡಿದೆನೇ?” ಎಂದು ಕೈಯನ್ನು ಮುಖದ ಹತ್ತಿರ ತಂದು ನೋಡಿಕೊಂಡರು. ಬೆರಳ ಸಂದಿಯಲ್ಲಿ ಇನ್ನೂ ಒಂದು ಕಾಳಿತ್ತು. ಅದನ್ನು ಎಡಗೈಯಿಂದ ತೆಗೆದು, ಏನು ಮಾಡಬೇಕೆಂದು ತೋಚದೆ, ಒಮ್ಮೆ ಚೀಲವನ್ನೂ ಒಮ್ಮೆ ನನ್ನನ್ನೂ ನೋಡಿದರು. ಹಮಾಲರು ದಬ್ಬಣ ಹಿಡಿದು ಕಾಯುತ್ತಿದ್ದರು.